ನಡುಗಡ್ಡೆಯ ನವಾಬ

ಹಮ್ಮಿಗಿ ಊರಿನವರು ಮರ್ದಾನಸಾಬನಿಗೆ ಬೆನ್ನ ಹಿಂದೆ ಇಟ್ಟ ಹೆಸರು ನಡುಗಡ್ಡೆಯ ನವಾಬ. ನವಾಬನ ಆಸ್ತಿಯೆಂದರೆ ಒಂದು ಖಾಕಿ ಅಂಗಿ, ಒಂದು ಸೀಟಿ. ಗದಗ ಹೊಸ ಜಿಲ್ಲೆಯಾದ ಮರುವರ್ಷ, ತುಂಗಭದ್ರೆಯ ನಡುವಿನ ಗಡ್ಡೆಯಲ್ಲಿ ಸಾವಿರಾರು ವರ್ಷಗಳ ಹಿಂದಿನ ಜನರ ಮನೆಗಳ ಗುರುತು ಸಿಕ್ಕಿತು. ಸರಕಾರ ಬೇಲಿ ಹಾಕಿ, ಇಲ್ಲಿ ಅಗೆಯಬಾರದು ಎಂದು ನೀಲಿ ಬೋರ್ಡು ನೆಟ್ಟು, ಕಾಯಲು ಇವನನ್ನು ಇಟ್ಟುಕೊಂಡಿತು.

ಆ ಬೇಲಿಯೊಳಗೆ ಇವನದೂ ಒಂದು ಗುರುತಿತ್ತು. ಹಿಂದೊಮ್ಮೆ ಗಡ್ಡೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದಾಗ ಹೊಳೆ ಏಕಾಏಕಿ ತುಂಬಿ ಬಂದು, ಜ್ವರದ ಕೂಸನ್ನು ಊರಿಗೆ ದಾಟಿಸಲಾಗದೆ, ಅದು ತೀರಿಕೊಂಡಾಗ ಗಂಡ ಹೆಂಡತಿ ಅಲ್ಲೇ ಮಣ್ಣು ಮಾಡಿದ್ದರು.

"ಮಗನ್ನ ಕಾಯೋ ನೌಕರಿ ಸಿಕ್ತಲ್ರೀ," ಎಂದಿದ್ದಳು ಹೆಂಡತಿ ಮೋತಿಬಿ. "ನಾಳೆ ನನ್ನೂ ಅವನ ಮಗ್ಗಲದಾಗ ಇಡ್ರಿ."

ಮರ್ದಾನಸಾಬ ಹೂಂ ಅಂದುಬಿಟ್ಟ.

ನೌಕರಿಯಲ್ಲಿ ಮಾತ್ರ ಅವನು ಮಹಾ ಜಿಗುಟು. ಹರಿಗೋಲಿನ ಹುಲಗಪ್ಪ ಅಲ್ಲಿ ಗಂಗಮ್ಮನಿಗೊಂದು ಕಟ್ಟೆ ಕಟ್ಟಲು ಗುದ್ದಲಿ ತಂದಾಗ ಸೀಟಿ ಊದಿ ಊದಿ ವಾಪಸು ಕಳಿಸಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹುಲಗಪ್ಪ ದಿನಾ ಅವನನ್ನು ಹೊಳೆ ದಾಟಿಸುತ್ತಿದ್ದ, ಮುಖ ತಿರುವಿಕೊಂಡು.

ಮೋತಿಬಿ ತೀರಿಕೊಂಡ ದಿನ ಅವಳ ತಮ್ಮ ಅಲ್ಲಾಉದ್ದೀನ ಗುದ್ದಲಿ ಸಲಿಕೆ ಹಿಡಿದು ಬಂದ. "ನಡೀರಿ ಭಾವಾ, ಗಡ್ಡಿಗೆ ಹೋಗೂಣು. ಅಕ್ಕಗ ಮಾತು ಕೊಟ್ಟೀರಿ. ಅಲ್ಲಿ ಯಾರ್ ನೋಡ್ತಾರ?"

"ಹುಲಗಪ್ಪನ ದೇವರಿಗೆ ಬ್ಯಾಡ ಅಂದಾವ, ನನ್ನ ಹೆಂಡ್ತಿಗೆ ಹ್ಯಾಂಗ್ ಅಗಸ್ಲಿ?" ಎಂದ ಮರ್ದಾನಸಾಬ. ಅಷ್ಟು ಹೇಳಿ ಗೋಡೆಗೆ ಒರಗಿದ. ಬದುಕಿಡೀ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಊರ ಖಬರಸ್ತಾನದ ಕರಿಮಣ್ಣಿನಲ್ಲಿ ಅವಳನ್ನು ಇಳಿಸಿದರು. ಇನ್ನು ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಕೊಡಬೇಕು. ಮರ್ದಾನಸಾಬನ ಕೈ ಏಳಲಿಲ್ಲ. ಅವಳಿಗೆ ಸುಳ್ಳು ಹೇಳಿ ಕಳಿಸಿದಂತಾಯಿತಲ್ಲ ಎಂದು ಸಂಕಟಪಡುತ್ತ ಗೋರಿಯ ಅಂಚಿನಲ್ಲಿ ಕೂತೇ ಇದ್ದ.

ಅಷ್ಟರಲ್ಲಿ ಹುಲಗಪ್ಪ ಏದುಸಿರು ಬಿಡುತ್ತ ಬಂದ. ಮೊಣಕಾಲಿನವರೆಗೆ ತೊಯ್ದಿದ್ದ, ಕೈಯಲ್ಲಿ ಟವೆಲ್ಲಿನ ಗಂಟು. ಬಿಚ್ಚಿದರೆ ಬೂದು ಬಣ್ಣದ ಮಣ್ಣು. ಅಂಥದು ಗಡ್ಡೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

"ಅಗದಿಲ್ಲೋ ಮಾರಾಯಾ," ಎಂದ ಹುಲಗಪ್ಪ. ವರ್ಷಗಳ ಮೇಲೆ ಅವನಾಡಿದ ಮೊದಲ ಮಾತು. "ಅಲ್ಲಾಉದ್ದೀನ ಎಲ್ಲಾ ಹೇಳ್ದ. ನಿನ್ನ ಕೂಸಿನ ಗೋರಿ ಮ್ಯಾಲಿಂದು. ಕೈಲೆ ಬಳಕೊಂಡು ಬಂದೀನಿ."

ಮರ್ದಾನಸಾಬ ಅವನ ಎರಡೂ ಕೈ ಹಿಡಿದುಕೊಂಡು ಅತ್ತ. ಆಮೇಲೆ ಆ ಮಣ್ಣನ್ನು ಹಿಡಿ ತುಂಬ ತೆಗೆದುಕೊಂಡು ಕೆಳಗೆ ಬಗ್ಗಿದ.

"ನಿನ್ನ ಅಲ್ಲಿಗೆ ಒಯ್ಯಾಕ ನನ್ನಿಂದ ಆಗ್ಲಿಲ್ಲ ಮೋತಿ. ನಿನ್ನ ಮಗಾನ ಬಂದಾನ, ತಗೋ."