ಇಲ್ಲದ ಮನೆಗೆ ಹೊಕ್ಕ ಗೇರಕ್ಕ

ಊರಿನ ಅರ್ಧ ಜನ ಕಾರು ಓಡಿಸಲು ಕಲಿತದ್ದು ಗೇರಕ್ಕನ ಬೈಗುಳ ತಿಂದೇ. ಡ್ರೈವಿಂಗ್ ಸ್ಕೂಲು ಅವಳದೇ, ಕಾರೂ ಅವಳದೇ. ಕಲಿಯುವವರ ಕೈಯಲ್ಲಿ ಗೇರು ಕರಕರ ಅಂದರೆ ಯಾರೋ ತನ್ನ ಹಲ್ಲನ್ನೇ ಅರೆದ ಹಾಗೆ ಮುಖ ಹಿಂಡುತ್ತಿದ್ದಳು. ಆ ಹೆಸರು ಅಂಟಿಕೊಂಡದ್ದು ಹಾಗೆ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟಳೆಂದರೆ ಒಂದು ಕಣ್ಣು ರಸ್ತೆಗೆ, ಒಂದು ಕಣ್ಣು ಕನ್ನಡಿಗೆ, ಬಾಯಿ ಪೂರ್ತಿ ಶಿಷ್ಯರಿಗೆ ಮೀಸಲು.

ಒಂದು ದಿನ ಸ್ಕೂಲಿನ ಬೋರ್ಡು ಒರೆಸಲು ಏಣಿ ಹತ್ತಿದವಳು ಜಾರಿಬಿದ್ದು ಹಣೆ ಒಡೆದುಕೊಂಡಳು. ಹೊಲಿಗೆ ಬಿತ್ತು, ಗಾಯ ಮಾಯಿತು. ಆಮೇಲೆ ಶುರುವಾಯಿತು ನೋಡಿ ಫಜೀತಿ! ಟೀಗೆ ನೀರಿಟ್ಟು ಸಕ್ಕರೆ ಡಬ್ಬಿ ತೆಗೆಯಲು ಹೋದರೆ ಕಪಾಟಿನ ಧೂಳು ಕಾಣುವುದು. ಒರೆಸುವ ಬಟ್ಟೆ ಹುಡುಕುತ್ತ ಹೊರಗೆ ಬಂದರೆ ಬಾಡಿದ ಗಿಡ ಕಾಣುವುದು. ಗಂಡ ಹುಡುಕಿಕೊಂಡು ಹೋದಾಗ ಅವಳು ಪಕ್ಕದ ಮನೆಯವರ ಪೈಪು ಹಿಡಿದು ಅವರ ಗಿಡಗಳಿಗೇ ನೀರುಣಿಸುತ್ತಿರುತ್ತಿದ್ದಳು. ಇತ್ತ ಪಾತ್ರೆಯ ತಳ ಸುಟ್ಟು ಕರಿ. ಸ್ಕೂಲಿನಲ್ಲಂತೂ ಒಂದೇ ಹೊತ್ತಿಗೆ ಹಲವರನ್ನು ಬರಹೇಳಿ, ಎಲ್ಲರೂ ಬಂದು ನಿಂತಾಗ ಪಿಳಿಪಿಳಿ ಕಣ್ಣು ಬಿಡುವಳು. ಕೊನೆಗೆ ಸ್ಕೂಲಿಗೆ ಬೀಗ ಹಾಕಿದಳು.

“ನಂಗೆ ಸೋಮಾರಿತನ ಬಂದಿದೆ, ಅಷ್ಟೇ ರೀ,” ಅಂದು ಮುಖ ತಿರುಗಿಸುತ್ತಿದ್ದಳು.

ಗಂಡ ಕನ್ನಡಕದಂಗಡಿಯ ಸಾಧು ಮನುಷ್ಯ. ಕೈಕಾಲು ಹಿಡಿದು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಕಾಗದದ ಮೇಲಿನ ಪರೀಕ್ಷೆಗಳನ್ನು ಗೇರಕ್ಕ ನೀರು ಕುಡಿದಷ್ಟು ಸಲೀಸಾಗಿ ಮುಗಿಸಿಬಿಟ್ಟಳು. ಗಡಿಯಾರದ ಚಿತ್ರ ಬರೆದಳು, ಹೇಳಿಕೊಟ್ಟ ಪದಗಳನ್ನು ಮೊದಲಿಂದಲೂ ಕೊನೆಯಿಂದಲೂ ತಪ್ಪಿಲ್ಲದೆ ಒಪ್ಪಿಸಿದಳು. ಗಂಡ ಪೆಚ್ಚಾದ.

“ಮನೇಲಿ ಹೀಗಿರಲ್ಲ ಡಾಕ್ಟ್ರೇ. ಹೇಗೆ ಹೇಳ್ಲಿ ನಿಮಗೆ...”

“ಹೇಳ್ಬೇಡಿ, ನೋಡೋಣ,” ಅಂದಳು ಡಾಕ್ಟರಮ್ಮ. “ಇಲ್ಲಿ ಗದ್ದಲ ಇಲ್ಲ, ಒಂದು ಸಲಕ್ಕೆ ಒಂದೇ ಪ್ರಶ್ನೆ. ಮನೆ ಹಾಗಿರಲ್ವಲ್ಲ. ಅಮ್ಮಾ, ನಿಮ್ಮನ್ನ ಒಂದು ಮನೆಗೆ ಕಳಿಸ್ತೀನಿ.”

ಗೇರಕ್ಕನ ಕಣ್ಣಿಗೆ ಒಂದು ಡಬ್ಬಿಯಂಥ ಸಾಧನ ಕಟ್ಟಿದರು. ಎರಡು ಕೈಗೂ ಗುಂಡಿಗಳಿರುವ ಒಂದೊಂದು ಹಿಡಿಕೆ ಕೊಟ್ಟರು.

“ಇಷ್ಟು ದಪ್ಪನ ಕನ್ನಡಕ ನಾನು ಜನ್ಮದಲ್ಲಿ ಮಾರಿಲ್ಲ!” ಅಂದ ಗಂಡ.

ಒಳಗೊಂದು ಮನೆಯೇ ತೆರೆದುಕೊಂಡಿತು. ಹಾಲು ಕಾಯಿಸಬೇಕು, ಅಲಾರಂ ಹೊಡೆದಾಗ ಮಾತ್ರೆ ನುಂಗಬೇಕು, ಪಾರ್ಸೆಲ್ ಬಂದರೆ ತೆಗೆದಿಡಬೇಕು, ಆಮೇಲೆ ಬಾಗಿಲು ಹಾಕಿ ಹೊರಡಬೇಕು. ಇಷ್ಟೇ ಕೆಲಸ. ಅವಳಿಗೆ ಕಾಣುವುದೆಲ್ಲ ಪರದೆಯ ಮೇಲೆ ಉಳಿದವರಿಗೂ ಕಾಣುತ್ತಿತ್ತು.

“ಅಯ್ಯೋ ರೀ! ಒಲೆ ಎಷ್ಟು ಕ್ಲೀನಾಗಿದೆ! ನಮ್ಮದೂ ಇದೆ, ದಂಡಕ್ಕೆ!”

ಹಾಲಿಟ್ಟಳು. ಬೆಲ್ಲು ಹೊಡೆಯಿತು. ಪಾರ್ಸೆಲ್ ಇಸಕೊಂಡವಳು ಒಳಗೇನಿದೆಯೆಂದು ಬಿಚ್ಚತೊಡಗಿದಳು. ತೆರೆದ ಬಾಗಿಲಿಂದ ಬೆಕ್ಕೊಂದು ನುಗ್ಗಿತು. “ಶೂ! ಶೂ!” ಅನ್ನುತ್ತ ಅದರ ಬೆನ್ನು ಹತ್ತಿದಳು. ಅಲಾರಂ ಬಡಿದುಕೊಂಡಿತು, ಅದರ ಬಾಯಿ ಮುಚ್ಚಿಸಿದಳು, ಮಾತ್ರೆ ಮರೆತಳು. ಹಾಲು ಉಕ್ಕಿ ಹರಿಯಿತು. ಬೆಕ್ಕು ಮೇಜಿನ ಮೇಲೆ ಕೂತು ಇವಳನ್ನೇ ನೋಡಿತು.

“ಸಾಕಪ್ಪಾ, ಸುಸ್ತಾಯ್ತು,” ಎಂದು ಅವಳು ಸೋಫಾದ ಮೇಲೆ ಕೂರಹೋದಳು.

“ಅಮ್ಮಾ, ಅಲ್ಲಿ ಸೋಫಾ ಇಲ್ಲ!”

“ಇಲ್ಲ ಅಂದ್ರೆ? ಕಣ್ಮುಂದೇನೇ ಇದೆಯಲ್ರೀ!”

ಧೊಪ್ಪನೆ ನೆಲಕ್ಕೆ ಬಿದ್ದಳು. ಡಾಕ್ಟರಮ್ಮ ಹಿಡಿಯಹೋಗಿ ಅವಳ ಪಕ್ಕದಲ್ಲೇ ಕುಕ್ಕರಿಸಿದಳು. ಗಂಡ ಮಾತ್ರ ಪರದೆಗೆ ಬೆರಳು ತೋರಿಸಿ ಕುಣಿಯುತ್ತಿದ್ದ: “ಇದೇ! ಡಾಕ್ಟ್ರೇ, ಇದೇ ನಮ್ಮನೆ!”

ನೆಲದ ಮೇಲೆ ಕೂತೇ ಡಾಕ್ಟರಮ್ಮ ಬಿಡಿಸಿ ಹೇಳಿದಳು. ಬುದ್ಧಿ ಎಲ್ಲಿಗೂ ಹೋಗಿಲ್ಲ, ನೆನಪೂ ಗಟ್ಟಿ. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಈಗ ಬೇಡ ಅನ್ನಬೇಕು ಎಂದು ತೀರ್ಮಾನಿಸುವ ಮೆದುಳಿನ ಭಾಗಕ್ಕೆ ಪೆಟ್ಟು ಬಿದ್ದಿದೆ.

“ಅಂದ್ರೆ,” ಗೇರಕ್ಕ ಯೋಚಿಸಿದಳು, “ನನ್ನ ತಲೆಯೊಳಗೆ ಪಕ್ಕದ ಸೀಟಲ್ಲಿ ಕೂತು ಬ್ರೇಕ್ ಒತ್ತೋಳು ರಜೆ ಹಾಕಿದಾಳೆ.”

“ಅದೇ! ವಾಪಸ್ ಕರೆಸೋಣ.”

“ಹಾಗಾದ್ರೆ ನಾನು ಸೋಮಾರಿ ಅಲ್ವಾ?”

“ಖಂಡಿತ ಅಲ್ಲ.”

ಗೇರಕ್ಕ ಗಂಡನ ಕೈ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊನೆಕೊನೆಗೆ ಅದರಲ್ಲಿ ನಗುವೆಷ್ಟು, ಅಳುವೆಷ್ಟು, ಅವಳಿಗೇ ತಿಳಿಯಲಿಲ್ಲ.

ಅಂದಿನಿಂದ ವಾರವಾರ ಆ ಇಲ್ಲದ ಮನೆಗೆ ಹೋಗಿ ಸಂಸಾರ ಮಾಡಿದಳು. ಹೆಜ್ಜೆ ಇಡುವ ಮುಂಚೆ ನಿಂತು, “ಈಗ ಏನು? ಹಾಲು,” ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು ಕಲಿತಳು. ಮೊದಮೊದಲು ಬೆಕ್ಕೇ ಗೆಲ್ಲುತ್ತಿತ್ತು. ಕಡೆಗೊಂದು ದಿನ, “ಇರು ಮರಿ, ನಿನ್ನ ಸರದಿ ಆಮೇಲೆ,” ಎಂದು ಒಲೆ ಆರಿಸಿ, ಮಾತ್ರೆ ನುಂಗಿ, ಪಾರ್ಸೆಲ್ಲನ್ನು ಬಿಚ್ಚದೆ ಇಟ್ಟು, ಬಾಗಿಲು ಹಾಕಿಕೊಂಡು ಹೊರಬಂದಳು. ಗಂಡ ಶಿಳ್ಳೆ ಹೊಡೆದು ನರ್ಸಮ್ಮನಿಂದ ಬೈಸಿಕೊಂಡ.

“ಇನ್ನು ಪಾಠ ಶುರು ಮಾಡಿ. ಖಾಲಿ ಮೈದಾನದಲ್ಲಿ, ಒಬ್ಬರಿಗೆ ಮಾತ್ರ,” ಎಂದಳು ಡಾಕ್ಟರಮ್ಮ.

“ನಾನೇ ಬರ್ತೀನಿ,” ಗಂಡ ಕೈಯೆತ್ತಿದ. ಹೆದರುಪುಕ್ಕಲ, ಮದುವೆಯಾದಾಗಿನಿಂದ ಸ್ಟೇರಿಂಗ್ ಮುಟ್ಟಿದವನಲ್ಲ.

ಮೈದಾನದಲ್ಲಿ ಕಾರು ಕಪ್ಪೆಯಂತೆ ಕುಪ್ಪಳಿಸಿತು, ನಿಂತಿತು, ಮತ್ತೆ ಕುಪ್ಪಳಿಸಿತು. ಆಮೇಲೆ ಗುಂಡಗೆ ಸುತ್ತತೊಡಗಿತು. ಧೂಳು ಎದ್ದಿತು. ಗೇರಕ್ಕನಿಗೆ ನಗು ತಡೆಯದೆ ಬೈಯುವುದಕ್ಕೇ ಆಗಲಿಲ್ಲ.

“ರೀ, ಸ್ಟೇರಿಂಗ್ ನೇರ ಮಾಡ್ರೀ!”

“ಮಾಡಲ್ಲ ಹೋಗೇ!” ಎಂದು ಅವನು ಕೂಗಿದ. “ಹೀಗೇ ಚೆನ್ನಾಗಿದೆ!”