ಅವ್ವನ ಕೈಯ ಬೆಂಕಿಪೊಟ್ಟಣ

ಅಪ್ಪನ ಜೇಬಿನಲ್ಲಿ ಯಾವಾಗಲೂ ಬೀಡಿ ಕಟ್ಟು ಇರುತ್ತಿತ್ತು, ಬೆಂಕಿಪೊಟ್ಟಣ ಇರುತ್ತಿರಲಿಲ್ಲ. ಅವನು ಕೆಲಸ ಮಾಡುತ್ತಿದ್ದದ್ದು ಅಂತರಸನಹಳ್ಳಿಯಲ್ಲಿ, ತೆಂಗಿನ ನಾರಿನ ಹಾಸಿಗೆ ಮಾಡುವ ಒಂದು ಕಾರ್ಖಾನೆಯಲ್ಲಿ. ಒಂದು ಕಿಡಿ ಬಿದ್ದರೂ ಶೆಡ್ಡಿಗೆ ಶೆಡ್ಡೇ ಹೋಗುತ್ತದೆ ಅಂತ ಗೇಟಿನಲ್ಲಿ ವಾಚ್‌ಮನ್ ಎಲ್ಲರ ಜೇಬು ತಡವಿ ಬೆಂಕಿಪೊಟ್ಟಣ ತೆಗೆದಿಟ್ಟುಕೊಳ್ಳುತ್ತಿದ್ದ. ಸಂಜೆ ವಾಪಸ್ ಕೊಡುವಾಗ ಯಾರದೋ ಯಾರಿಗೋ ಹೋಗುತ್ತಿತ್ತು. ಬೇಸತ್ತ ಅಪ್ಪ ಅದನ್ನು ಒಯ್ಯುವುದನ್ನೇ ಬಿಟ್ಟ. ಶಿಫ್ಟ್ ಮುಗಿಯುವವರೆಗೆ ಒಂದೂ ಬೀಡಿ ಸೇದದೆ ಇರುತ್ತಿದ್ದ. ಗುಬ್ಬಿಯಲ್ಲಿ ಬಸ್ಸಿಳಿದು ಮನೆಗೆ ಬಂದವನೇ, ಚಪ್ಪಲಿ ಬಿಡುವ ಮೊದಲೇ "ಬೆಂಕಿಪೊಟ್ಣ ಕೊಡೇ" ಅನ್ನುತ್ತಿದ್ದ. ಅವ್ವ ಒಲೆಯ ಪಕ್ಕದ ಗೂಡಿನಿಂದ ತಂದುಕೊಡುತ್ತಿದ್ದಳು.

ನಮ್ಮದು ಒಂದು ನಡುಮನೆ, ಹಿಂದೆ ಅಡುಗೆಮನೆ, ಮುಂದೆ ಜಗಲಿ. ಊಟ, ನಿದ್ದೆ, ನನ್ನ ಮತ್ತು ಅಣ್ಣನ ಓದು, ಅಪ್ಪನ ಬೀಡಿ, ಎಲ್ಲ ಆ ನಡುಮನೆಯಲ್ಲೇ. ಇದ್ದ ಒಂದು ಕಿಟಕಿಯನ್ನೂ ಸೊಳ್ಳೆ ಬರುತ್ತವೆ ಅಂತ ಸಂಜೆಗೆ ಮುಚ್ಚುತ್ತಿದ್ದೆವು. ತೊಂಬತ್ತರ ದಶಕದ ನನ್ನ ಸ್ಕೂಲ್ ಯೂನಿಫಾರ್ಮು ಒಗೆದರೂ ಬೀಡಿ ನಾತ ಹೊಡೆಯುತ್ತಿತ್ತು. ಬೀಡಿ ಕೆಟ್ಟದ್ದು ಅಂತ ನಮಗೆಲ್ಲ ಗೊತ್ತಿತ್ತು, ಆದರೆ ಸೇದುವವನಿಗೆ ಮಾತ್ರ. ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುವವಳಿಗೂ ಅದರಲ್ಲಿ ಪಾಲಿದೆ ಅಂತ ಯಾರೂ ಹೇಳಿರಲಿಲ್ಲ.

ನಾನು ಮದುವೆಯಾಗಿ ಕುಣಿಗಲ್ಲಿಗೆ ಹೋದ ಮೇಲೆ ಅವ್ವನ ಕೆಮ್ಮು ಜಾಸ್ತಿಯಾಯಿತು. ಬಾವಿಕಟ್ಟೆಯವರೆಗೆ ಹೋಗಿಬಂದರೂ ಏದುಸಿರು. ನಾನೇ ಬಂದು ತುಮಕೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಬೀಡಿ ಸೇದ್ತೀರೇನಮ್ಮಾ?" ಅಂದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ಕೆಮ್ಮಾಯಿತು. "ಮನೇಲಿ ಯಾರು ಸೇದ್ತಾರೆ?" ಅಂತ ಕೇಳಿದಾಗ ನೆಲ ನೋಡಿದಳು. ಬೇರೆಯವರು ಬಿಟ್ಟ ಹೊಗೆಯೂ ಎದೆ ಕೆಡಿಸುತ್ತದೆ, ಒಲೆಯ ಹೊಗೆಯೂ ಕೆಡಿಸುತ್ತದೆ, ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ, ಎರಡೂ ನಿಲ್ಲಬೇಕು ಅಂದರು ಡಾಕ್ಟರು.

ಅವ್ವನಿಗೆ ಅಷ್ಟೇ ಸಾಕಾಯಿತು. ಬಸ್ಸಿನಲ್ಲೇ ಶುರು ಮಾಡಿದಳು. "ಇದು ಒಲೆ ಹೊಗೇನೇ ಕಣೇ. ನಿಮ್ಮಪ್ಪನ್ನ ಏನೂ ಅನ್ಬೇಡ."

ಅಣ್ಣ ಗ್ಯಾಸ್ ತಂದ. ಒಲೆ ಆರಿತು, ಕೆಮ್ಮು ಆರಲಿಲ್ಲ. ನಿಟ್ಟೂರಿನ ಚಿಕ್ಕಪ್ಪ ಅವ್ವನನ್ನು ನೋಡಲು ಬಂದಾಗ ಬೀಡಿ ಹೊಗೆಯ ಮಾತು ಮತ್ತೆ ಎದ್ದಿತು. ಅವನೂ ಅಪ್ಪನ ಜೊತೆ ನಡುಮನೆಯಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ. "ಸೇದೋನು ಗುಂಡುಕಲ್ಲಂಗವ್ನೆ. ಪಕ್ಕದಲ್ಲಿ ಕೂತೋಳಿಗೆ ಕಾಯ್ಲೆ ಬತ್ತದಾ? ಡಾಕ್ಟ್ರು ಹೇಳ್ತಾರೆ, ನೀನು ಕೇಳ್ತೀಯ, ಬುಡವ್ವ."

"ಹಂಗಾದ್ರೆ ಫ್ಯಾಕ್ಟ್ರಿ ಗೇಟಲ್ಲಿ ಯಾಕೆ ಕಿತ್ಕೋತಾರೆ ಚಿಕ್ಕಪ್ಪ?"

"ಅದು ನಾರು ಕಣವ್ವ. ಹತ್ಕತದೆ."

"ನಾರಿಗಿರೋ ಮರ್ಯಾದೆ ನಮ್ಮವ್ವನ ಎದೆಗಿಲ್ವಾ?"

ನನ್ನ ನಾಲಿಗೆ ಮೊದಲಿನಿಂದಲೂ ಹಾಗೇ, ಹರಿತ. ಆ ಮಾತು ಆಡಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಚಿಕ್ಕಪ್ಪ ಕೆರಳಿದ. ಅಪ್ಪ ಮಾತ್ರ ಬೀಡಿ ಹಿಡಿದುಕೊಂಡೇ ಎದ್ದು ಜಗಲಿಗೆ ಹೋದ. ಆಮೇಲೆ ಅವನು ಮನೆಯೊಳಗೆ ಸೇದಿದ್ದನ್ನು ನಾನು ನೋಡಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ.

ಆ ಕಾಲಕ್ಕೇ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಬಂತು, ಸಾರ್ವಜನಿಕ ಸ್ಥಳದಲ್ಲಿ ಬೀಡಿ ಸಿಗರೇಟು ಸೇದಿದರೆ ದಂಡ ಅಂತ. ಜನ ಅದರ ಕೆಳಗೇ ನಿಂತು ಸೇದುತ್ತಿದ್ದರು. ಬಡವರ ಬೀಡಿ ಮೇಲೇ ಸರ್ಕಾರಕ್ಕೆ ಯಾಕೆ ಕಣ್ಣು ಅಂತ ಟೀ ಅಂಗಡಿಯಲ್ಲಿ ವಾದ ನಡೆಯುತ್ತಿತ್ತು. ಅಪ್ಪ ಸುಮ್ಮನೆ ಬೋರ್ಡಿನ ಮಾತು ಕೇಳಿದ. ಬೇಡ ಅಂದ ಕಡೆ ಸೇದದೆ ಇರುವುದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಬೇಡ ಅನ್ನಬೇಕಾದವಳು ಯಾವತ್ತೂ ಅನ್ನಲಿಲ್ಲ, ಅಷ್ಟೇ. ನಮ್ಮನೇಲೂ ಒಂದು ಬೋರ್ಡು ಹಾಕಣವ್ವ ಅಂತ ನಾನಂದರೆ, "ಮನೆ ಏನು ಬಸ್‌ಸ್ಟ್ಯಾಂಡೇನೇ?" ಅಂದಳು.

ಇನ್ನೊಂದು ಸಂಕಟ ಶುರುವಾಯಿತು. ಅಪ್ಪ ಜಗಲಿಯಲ್ಲಿ ಕೂತು ಕೂಗಿದರೆ ಅವ್ವ ಗೋಡೆ ಹಿಡಿದುಕೊಂಡು ಬೆಂಕಿಪೊಟ್ಟಣ ತೆಗೆದುಕೊಂಡು ಹೋಗುತ್ತಿದ್ದಳು. ಹೋದವಳು ಒಳಗೆ ಬರುತ್ತಿರಲಿಲ್ಲ. ಅವನ ಪಕ್ಕದಲ್ಲೇ ಕಂಬಕ್ಕೆ ಒರಗಿ ಕೂರುತ್ತಿದ್ದಳು. "ಒಳಕ್ಕೋಗೇ, ಹೊಗೆ" ಅಂತ ಅಪ್ಪನೇ ಹೇಳುತ್ತಿದ್ದ. "ಒಳಗೆ ಒಬ್ಳೇ ಕೂತ್ಕೊಂಡು ಏನು ಮಾಡ್ಲಿ?" ಅನ್ನುತ್ತಿದ್ದಳು. ಇಡೀ ದಿನದಲ್ಲಿ ಅವರಿಬ್ಬರೂ ಮಾತಾಡುತ್ತಿದ್ದದ್ದು ಆ ಒಂದು ಬೀಡಿ ಉರಿಯುವಷ್ಟು ಹೊತ್ತು ಮಾತ್ರ. ಅದನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಒಂದು ಚಳಿಗಾಲದಲ್ಲಿ ಅವ್ವ ಹೋದಳು. ಆಕ್ಸಿಜನ್ ಮಾಸ್ಕ್ ಸರಿಸಿ ಅಣ್ಣನಿಗೆ ಹೇಳಿದ ಕೊನೆಯ ಮಾತು, ನಿಮ್ಮಪ್ಪ ಉಂಡನಾ ಅಂತ. ಆಮೇಲೂ ಅಪ್ಪ ಬೀಡಿ ಬಿಡಲಿಲ್ಲ. ಜಗಲಿಯಲ್ಲಿ ಹಚ್ಚದ ಬೀಡಿ ತುಟಿಯಲ್ಲಿಟ್ಟುಕೊಂಡು ತುಂಬಾ ಹೊತ್ತು ಕೂತಿರುತ್ತಿದ್ದ, ಯಾರಾದರೂ ಬೆಂಕಿ ತರುತ್ತಾರೇನೋ ಅನ್ನುವ ಹಾಗೆ. ಕೊನೆಗೆ ತಾನೇ ಎದ್ದು ಒಳಗೆ ಹೋಗಿ ತಂದುಕೊಳ್ಳುತ್ತಿದ್ದ. ಎದೆನೋವು ಬಂದು ಅವನೂ ಹೋದ.

ಆ ವರ್ಷದ ಪಿತೃಪಕ್ಷಕ್ಕೆ ಮೊದಲ ಸಲ ಇಬ್ಬರಿಗೂ ಒಟ್ಟಿಗೆ ಎಡೆ ಇಡಬೇಕಿತ್ತು. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ, ಅವರು ಬಂದು ಉಣ್ಣಲಿ ಅಂತ. ಅತ್ತಿಗೆ ನಡುಮನೆಯಲ್ಲಿ ಅಕ್ಕಪಕ್ಕ ಎರಡು ಎಲೆ ಹಾಕಿದಳು. ಅವ್ವನ ಎಲೆಗೆ ಒಬ್ಬಟ್ಟು, ವಡೆ, ಎಲೆಅಡಿಕೆ. ಅಪ್ಪನ ಎಲೆಗೆ ಮಟನ್ ಸಾರು, ಮುದ್ದೆ. ಚಿಕ್ಕಪ್ಪ ಬೀಡಿ ಕಟ್ಟು ಬಿಚ್ಚಿ, ಒಂದನ್ನು ಹಚ್ಚಿ ಎಲೆಯ ತುದಿಗೆ ಇಡಲು ಹೋದ. ಅದೂ ಪದ್ಧತಿಯೇ.

"ಹಚ್ಬೇಡ ಚಿಕ್ಕಪ್ಪ. ಬಾಗ್ಲು ಹಾಕ್ತೀವಿ. ಅವ್ವನೂ ಒಳಗಿರ್ತಾಳೆ."

ಎಲ್ಲರೂ ನನ್ನ ಮುಖ ನೋಡಿದರು. "ಸತ್ತೋರಿಗೆ ಇನ್ನೆಂಥ ಕೆಮ್ಮೇ, ಹುಚ್ಚಿ?" ಅಂದ ಚಿಕ್ಕಪ್ಪ. "ಊದ್ಬತ್ತಿ ಹೊಗೆ ಆಗ್ತದಾ ನಿಮ್ಮವ್ವಂಗೆ?"

ನಾನು ಕೈ ಅಡ್ಡ ಹಿಡಿದೇ ನಿಂತಿದ್ದೆ. ಜಗಳ ಬೇಡ ಅಂತ ಅಣ್ಣ, "ಅಪ್ಪನ ಎಲೆ ಜಗಲಿಗೆ ಹಾಕೋಣ ಬಿಡು" ಅಂದ.

"ಜಗಲಿಗೆ ಹಾಕಿದ್ರೆ ಅವ್ವ ಅಲ್ಲಿಗೇ ಹೋಗಿ ಕೂರ್ತಾಳೆ ಕಣಣ್ಣ" ಅಂದೆ. ಅಣ್ಣ ತಲೆ ತಗ್ಗಿಸಿದ. ಚಿಕ್ಕಪ್ಪ ಹಚ್ಚದ ಬೀಡಿಯನ್ನೇ ಅಪ್ಪನ ಎಲೆಯ ಪಕ್ಕ ಇಟ್ಟು, ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ಹೊರಗೆ ಬಂದ.

ಅತ್ತಿಗೆ ದೀಪ ಹಚ್ಚಿದಳು. ನಾನು ಕೊನೆಯವಳಾಗಿ ಬಾಗಿಲು ಎಳೆಯುವಾಗ ನೋಡಿದರೆ, ಅವಳು ದೀಪ ಹಚ್ಚಿದ ಬೆಂಕಿಪೊಟ್ಟಣ ಅಲ್ಲೇ ಇತ್ತು, ಅವ್ವನ ಎಲೆಯ ಬಲಗಡೆ. ಒಳಗೆ ಹೋಗಿ ಅದನ್ನು ಎತ್ತಿಕೊಂಡೆ.

ಹೊರಗೆ ಬಂದು ಅವ್ವ ಒರಗುತ್ತಿದ್ದ ಕಂಬಕ್ಕೆ ಒರಗಿ ಕೂತೆ. ಬೆಂಕಿಪೊಟ್ಟಣ ನನ್ನ ಮುಷ್ಟಿಯಲ್ಲಿತ್ತು. ಒಳಗೆ ಅಪ್ಪ ಕೇಳಿಯೇ ಕೇಳುತ್ತಾನೆ. ಕೇಳಿದರೆ ಅವ್ವ ಇಲ್ಲ ಅನ್ನುವವಳಲ್ಲ.