ಹುರುಳಿಯ ಮೇಲೆ ಹತ್ತು ಕ್ರೂಸರ್

ಬೆಟ್ಟದಪುರದ ದಾರಿ, ಬೆಳಿಗ್ಗೆ ಒಂಬತ್ತು ಗಂಟೆ.

ಹತ್ತು ವರ್ಷ ಒಬ್ಬನೇ ಬೈಕ್ ಓಡಿಸಿದ ನನಗೆ ಗುಂಪೆಂದರೆ ಅನುಮಾನ. ಆದರೂ ಕ್ರೂಸರ್ ಬೈಕ್ ಸವಾರರ ಬಳಗ ಸೇರೋಣವೆಂದು ಇವತ್ತು ಹುಣಸೂರಿನಿಂದ ಅವರ ಜೊತೆ ಹೊರಟೆ. ಒಂದು ಸವಾರಿ ನೋಡಿ ಆಮೇಲೆ ಸೇರಿಸಿಕೊಳ್ಳುತ್ತಾರಂತೆ. ಹೊಸಬ ನಾಯಕನ ಬೆನ್ನಿಗೇ ಇರಬೇಕು, ಹಿಂದಿನವರೆಲ್ಲ ಹೊಸಬನ ಚಕ್ರದ ಜಾಡಿನಲ್ಲೇ ಬರಬೇಕು ಎಂಬುದು ಇವರ ನಿಯಮ.

"ನಾನು ತಪ್ಪು ಮಾಡಿದ್ರೆ ಎಲ್ಲರೂ ಮಾಡ್ಬೇಕಾ?" ಎಂದು ಕೇಳಿದೆ.

"ಅದ್ಕೇ ನೀನು ಮಾಡ್ಬೇಡ ಕಣಪ್ಪ" ಎಂದರು ನಾಯಕ ಮಾದಣ್ಣ.

ದಾರಿಯ ಊರೊಂದರಾಚೆ ಒಕ್ಕಣೆಗೆಂದು ಅರ್ಧ ರಸ್ತೆಗೆ ಹುರುಳಿ ಗಿಡ ಹರಡಿದ್ದರು. ಮಾದಣ್ಣ ಪಕ್ಕಕ್ಕೆ ಸರಿದು ಹೋದರು. ಗಾಡಿ ಹರಿದರೆ ಕಾಳು ಉದುರುತ್ತದೆ, ಪಾಪ, ಉದುರಲಿ ಎಂದು ಮೇಲೇ ಹಾಯಿಸುವುದು ನಮ್ಮೂರ ಅಭ್ಯಾಸ. ನಾನು ನೇರ ಅದರ ಮೇಲೇ ಹತ್ತಿಸಿದೆ. ಹಿಂದಿದ್ದ ಒಂಬತ್ತು ಗಾಡಿಗಳೂ ನಿಷ್ಠೆಯಿಂದ ಹತ್ತಿದವು. ನನ್ನ ವಾದ ಇಷ್ಟು ಬೇಗ ರುಜುವಾತಾಗುತ್ತದೆ ಎಂದುಕೊಂಡಿರಲಿಲ್ಲ.

ಎಲ್ಲರೂ ನಿಂತೆವು. ಒಬ್ಬರು ಚೈನಿಗೆ ಸುತ್ತಿದ ಬಳ್ಳಿ ಬಿಡಿಸುತ್ತಾ, "ರೈಡಿಗೆ ಅಂತ ಬಂದ್ರೆ ಕಣಕ್ಕೆ ಕರ್ಕೊಂಡ್ ಬಂದವ್ನಲ್ಲಲಾ" ಎಂದರು. ನನ್ನನ್ನು ವಾಪಸ್ ಕಳಿಸುತ್ತಾರೆಂದು ಸಮರ್ಥನೆಗೆ ಮೂರು ಅಂಶ ಜೋಡಿಸಿಕೊಂಡೆ. ಅಷ್ಟರಲ್ಲಿ ಹುರುಳಿಯ ಒಡತಿ ಮೊರ ಹಿಡಿದು ಬಂದು ಮಾದಣ್ಣನಿಗೆ, "ಚೆನ್ನಾಗ್ ಉದುರ್ತು ಕಣಣ್ಣ. ಇನ್ನೊಂದ್ ಸುತ್ತು ಒಡ್ದು ಓಗ್ಬುಡಿ" ಎಂದರು.

ಮಾದಣ್ಣ ಹೆಲ್ಮೆಟ್ ಹಾಕಿಕೊಂಡು ನನ್ನತ್ತ ತಿರುಗಿದರು.

"ತಿರುಗ್ಸು ಗಾಡಿಯ. ನಮ್ಮೋನ್ ಆದ್ಮೇಲೆ ನಿನ್ನೊಬ್ನನ್ನೇ ಹುರುಳಿ ತುಳಿಯಕ್ ಬುಡಕ್ಕಾಯ್ತದಾ?"